ಕಣ್ಣೀರು ಮತ್ತು ಶೋಕ: ಕಿತ್ತೂರು ಸೀಮೆಯ ಕಥನಗಳಿಗೆ ಬರೆದ ಚಿತ್ರಗಳನ್ನು ಕುರಿತು

ಹಳೆಯ ಗ್ರಂಥವೊಂದನ್ನು ಪರಿಷ್ಕರಿಸುವಾಗ ನಾವು ಪಾಠಾಂತರಗಳನ್ನು ಗುರುತಿಸುತ್ತೇವೆ, ಪ್ರತಿಕಾರನ ಸ್ಖಾಲಿತ್ಯಗಳನ್ನು ತಿದ್ದುತ್ತೇವೆ, ಕ್ಲಿಷ್ಟವಾದ ಪದಕ್ಕೆ ಟಿಪ್ಪಣಿ ಬರೆಯುತ್ತೇವೆ. ಆದರೆ ಮುದ್ರಿತ ಪುಸ್ತಕದಲ್ಲಿ ಕಥೆಯ ಎದುರು ಪುಟದಲ್ಲಿರುವ ಚಿತ್ರವನ್ನು ಅಲಂಕಾರವೆಂದು ಬಗೆದು ದಾಟಿ ಹೋಗುತ್ತೇವೆ. ಗ್ರಂಥಸೂಚಿಗಳಲ್ಲಿ ಲೇಖಕನ ಹೆಸರಿರುತ್ತದೆ, ಪ್ರಕಾಶಕನ ಹೆಸರಿರುತ್ತದೆ, ಮುದ್ರಣಾಲಯದ ಹೆಸರೂ ಇರುತ್ತದೆ. ಚಿತ್ರಕಾರನ ಹೆಸರು ಬಹುತೇಕ ಇರುವುದಿಲ್ಲ. ಅಕ್ಷರ ಕಲಿಯುವ ಮೊದಲೇ ಮಗು ಓದುವುದು ಚಿತ್ರವನ್ನು. ಅಕ್ಷರ ಮರೆತ ಮೇಲೂ ಓದುಗನ ನೆನಪಿನಲ್ಲಿ ಉಳಿಯುವುದು ಹಲವು ವೇಳೆ ಅದೇ ಚಿತ್ರ. ಆದುದರಿಂದ ಚಿತ್ರವೂ ಒಂದು ಟೀಕೆ, ಒಂದು ವ್ಯಾಖ್ಯಾನ. ವ್ಯಾಖ್ಯಾನವೆಂದ ಮೇಲೆ ಅದು ಸರಿಯೂ ಇರಬಹುದು, ತಪ್ಪೂ ಇರಬಹುದು, ಅರೆಯೂ ಇರಬಹುದು.

ಮನುಷ್ಯನ ಭಾವಗಳಲ್ಲಿ ಚಿತ್ರಕಾರನನ್ನು ಹೆಚ್ಚು ಪರೀಕ್ಷಿಸುವುದು ಶೋಕ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯು ಶೋಕದ ಕಥನಗಳಿಂದ ತುಂಬಿದ ನೆಲ. ಆ ಕಥನಗಳಿಗೆ ಪುಸ್ತಕಗಳಲ್ಲಿ, ಪಠ್ಯಗಳಲ್ಲಿ, ಜಾತ್ರೆಯ ಅಂಗಡಿಯ ಹಾಡಿನ ಹೊತ್ತಿಗೆಗಳಲ್ಲಿ ಬಂದಿರುವ ಚಿತ್ರಗಳನ್ನು ಗಮನಿಸಿದರೆ ಒಂದು ಮಾತನ್ನು ಹೇಳಬೇಕಾಗುತ್ತದೆ: ನಮ್ಮ ಚಿತ್ರಗಳು ವೀರವನ್ನು ಬರೆದಿವೆ, ಅಳುವನ್ನೂ ಬರೆದಿವೆ, ಶೋಕವನ್ನು ಬರೆದಿರುವುದು ಅಪರೂಪ. ಈ ಲೇಖನದ ಉದ್ದೇಶ ಆ ವ್ಯತ್ಯಾಸವನ್ನು ಸ್ಪಷ್ಟಪಡಿಸುವುದು.

ಶೋಕದ ಪ್ರಭೇದಗಳು

ಅಳುವಿಗೂ ಶೋಕಕ್ಕೂ ಇರುವ ಅಂತರವನ್ನು ನಮ್ಮ ಶಾಸ್ತ್ರಕಾರರು ಸೂಕ್ಷ್ಮವಾಗಿ ಕಂಡಿದ್ದಾರೆ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ದುಃಖ, ಶೋಕ, ತಾಪ, ಆಕ್ರಂದನ, ಪರಿದೇವನ ಇವುಗಳನ್ನು ಬೇರೆ ಬೇರೆಯಾಗಿ ಎಣಿಸಲಾಗಿದೆ. ಕರ್ನಾಟಕದವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇವುಗಳ ಭೇದವನ್ನು ಬಿಡಿಸಿದ್ದಾರೆ. ಅವರ ವಿವರಣೆಯ ತಾತ್ಪರ್ಯ ಹೀಗಿದೆ: ಪೀಡೆಯ ಅನುಭವ ದುಃಖ, ಉಪಕಾರಿಯಾದವರ ಸಂಬಂಧ ಕಡಿದುಹೋದಾಗ ಉಂಟಾಗುವ ವಿಕಲತೆ ಶೋಕ, ಅಪವಾದ ಮೊದಲಾದವುಗಳಿಂದ ಮನಸ್ಸು ಕಲಕಿ ಒಳಗೇ ಬೇಯುವುದು ತಾಪ, ಕಣ್ಣೀರಿನೊಂದಿಗೆ ಹೊರಬೀಳುವ ರೋದನ ಆಕ್ರಂದನ, ಅಗಲಿದವರ ಗುಣಗಳನ್ನು ನೆನೆನೆನೆದು, ಕೇಳಿದವರಲ್ಲಿಯೂ ಅನುಕಂಪ ಹುಟ್ಟುವಂತೆ ಹಲುಬುವುದು ಪರಿದೇವನ.

ಕರ್ಮಸಿದ್ಧಾಂತದ ಸಂದರ್ಭದಲ್ಲಿ ಹುಟ್ಟಿದ ಈ ವಿಂಗಡಣೆ ಚಿತ್ರವಿಮರ್ಶೆಗೂ ಒದಗುತ್ತದೆ. ಇವುಗಳಲ್ಲಿ ಆಕ್ರಂದನ ಕಣ್ಣಿಗೆ ಕಾಣುವಂಥದು. ಅದನ್ನು ಬರೆಯುವುದು ಸುಲಭ. ಪರಿದೇವನ ಮಾತಿನಲ್ಲಿ ನಡೆಯುವಂಥದು. ಅದು ಕವಿಯ ಕ್ಷೇತ್ರ. ಶೋಕ ಮತ್ತು ತಾಪಗಳು ಒಳಗೆ ನಡೆಯುವಂಥವು. ಅವುಗಳಿಗೆ ನಿಶ್ಚಿತವಾದ ಹೊರಗುರುತು ಇಲ್ಲ. ಕೆನ್ನೆಯ ಮೇಲೆ ಎರಡು ಹನಿಗಳನ್ನಿಟ್ಟು, ಹಣೆಗೆ ಕೈ ಹಚ್ಚಿಸಿ ಕೂರಿಸಿದರೆ ಆಕ್ರಂದನದ ಸಂಕೇತ ಸಿದ್ಧವಾಗುತ್ತದೆ. ಓದುಗನಿಗೆ ಇವಳು ಅಳುತ್ತಿದ್ದಾಳೆಂಬ ವಾರ್ತೆ ಮುಟ್ಟುತ್ತದೆ. ಅಷ್ಟರಿಂದ ಅವಳ ಶೋಕ ಅವನನ್ನು ಮುಟ್ಟಿತೆಂದು ಹೇಳಲಾಗದು.

ಶ್ರೀಮತಿಯ ಚಿತ್ರಪಟ

ಚಿತ್ರವು ಶೋಕವನ್ನು ಹೇಗೆ ಮುಟ್ಟಿಸಬಲ್ಲುದೆಂಬುದಕ್ಕೆ ನಮ್ಮ ಪುರಾಣಗಳಲ್ಲಿಯೇ ಒಂದು ದೃಷ್ಟಾಂತವಿದೆ. ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ ಮೂಡಿ, 941ರಲ್ಲಿ ಪಂಪನ ಆದಿಪುರಾಣದ ಮೂಲಕ ಕನ್ನಡಕ್ಕೆ ಬಂದ ಶ್ರೀಮತಿ-ವಜ್ರಜಂಘರ ಕಥೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಪೂರ್ವಜನ್ಮದಲ್ಲಿ ಸ್ವಯಂಪ್ರಭೆಯಾಗಿ ಲಲಿತಾಂಗನನ್ನು ಕಳೆದುಕೊಂಡ ನೆನಪು ಶ್ರೀಮತಿಗೆ ಮರುಕಳಿಸುತ್ತದೆ. ಅವಳು ಮೌನ ತಾಳುತ್ತಾಳೆ. ಆಮೇಲೆ ತನ್ನ ಹಿಂದಿನ ಭವವನ್ನು ಪಟವೊಂದರಲ್ಲಿ ಬರೆಯುತ್ತಾಳೆ. ಪಂಡಿತೆಯೆಂಬ ದಾದಿ ಅದನ್ನು ಜಿನಾಲಯಕ್ಕೆ ಒಯ್ದು ಬಂದವರಿಗೆಲ್ಲ ತೋರಿಸುತ್ತಾಳೆ. ಕೆಲವರು ಚಿತ್ರದ ಕೌಶಲವನ್ನು ಹೊಗಳುತ್ತಾರೆ, ಕೆಲವರು ತಮಗೂ ಜಾತಿಸ್ಮರಣೆ ಆಯಿತೆಂದು ನಟಿಸುತ್ತಾರೆ. ವಜ್ರಜಂಘನೊಬ್ಬನು ಮಾತ್ರ ನೋಡಿ ನಿಜವಾಗಿ ಮೂರ್ಛೆ ಹೋಗುತ್ತಾನೆ. ಎದ್ದ ಮೇಲೆ ಅವರಿಬ್ಬರೇ ಬಲ್ಲ ಗೂಢ ಪ್ರಸಂಗಗಳನ್ನು ಹೇಳುತ್ತಾನೆ.

ಇಲ್ಲಿ ಮೂರು ಸಂಗತಿಗಳು ಗಮನಾರ್ಹ. ಮೊದಲನೆಯದು, ಶ್ರೀಮತಿ ಬರೆದುದು ತನ್ನ ಅಳುವ ಮುಖವನ್ನಲ್ಲ, ಕಳೆದುಹೋದ ಬಾಳನ್ನು. ಎರಡನೆಯದು, ಆ ಪಟದ ಸತ್ಯ ಸಾಬೀತಾಗುವುದು ಅದು ಸಾರಿ ಹೇಳಿದುದರಿಂದಲ್ಲ, ಗೂಢವಾಗಿ ಉಳಿಸಿಕೊಂಡುದರಿಂದ. ಮೂರನೆಯದು, ಎಲ್ಲರೂ ಒಂದೇ ಪಟವನ್ನು ನೋಡಿದರೂ ಶೋಕ ತಟ್ಟುವುದು ನೆನಪಿನ ಸಂಬಂಧವಿರುವವನಿಗೆ. ಮುದ್ರಿತ ಪುಸ್ತಕದ ಚಿತ್ರಕಾರನೂ ಪಂಡಿತೆಯಂತೆ ಅಪರಿಚಿತರ ನಡುವೆ ಪಟವನ್ನು ಬಿಚ್ಚಿಡುವವನು. ಸಾವಿರ ಪ್ರತಿಗಳು ಎಲ್ಲೆಲ್ಲಿಗೋ ಹೋಗುತ್ತವೆ. ನೋಡುವವನು ತನ್ನ ನೆನಪನ್ನು ತಂದು ಸೇರಿಸಲು ಚಿತ್ರದಲ್ಲಿ ತೆರಪು ಇರಬೇಕು. ಎಲ್ಲವನ್ನೂ ತುಂಬಿಬಿಟ್ಟ ಚಿತ್ರದಲ್ಲಿ ಆ ತೆರಪು ಇರುವುದಿಲ್ಲ.

ಮುದ್ರಣತಂತ್ರ ಕಲಿಸಿದ ಸಂಯಮ

ಭಾವಚಿತ್ರಣವನ್ನು ಕುರಿತು ಮಾತನಾಡುವವರು ಮುದ್ರಣತಂತ್ರವನ್ನು ಮರೆಯಬಾರದು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಶಿಲಾಮುದ್ರಣವನ್ನು ಆರಂಭಿಸಿತು. ಕಲ್ಲಚ್ಚಿನಲ್ಲಿ ಅಕ್ಷರವೂ ಚಿತ್ರವೂ ಕೈಬರಹದ ಗುಣವನ್ನು ಉಳಿಸಿಕೊಳ್ಳುತ್ತವೆ. ಆ ಮೇಲೆ ಅಚ್ಚುಮೊಳೆಗಳ ಜೊತೆಗೆ ಮುದ್ರಿಸಬಹುದಾದ ಮರದ ಮತ್ತು ಸತುವಿನ ಬ್ಲಾಕುಗಳು ಬಂದವು. ರೇಖಾಬ್ಲಾಕಿನಲ್ಲಿ ಕಪ್ಪು ಮತ್ತು ಬಿಳಿ ಎರಡೇ, ನಡುವಣ ಬೂದುಬಣ್ಣವಿಲ್ಲ. ಛಾಯೆ ಬೇಕಾದರೆ ಗೆರೆಗಳನ್ನು ಒತ್ತೊತ್ತಾಗಿ ಎಳೆಯಬೇಕು. ಹಾಫ್‌ಟೋನ್ ಬ್ಲಾಕು ಛಾಯೆಯನ್ನು ಚುಕ್ಕೆಗಳಾಗಿ ಒಡೆಯುತ್ತದೆ. ಸುದ್ದಿಪತ್ರಿಕೆಯ ಒರಟು ಕಾಗದದ ಮೇಲೆ ಅಂಗುಲಕ್ಕೆ 55ರಿಂದ 85 ಸಾಲು ಚುಕ್ಕೆಗಳಿಗಿಂತ ಹೆಚ್ಚನ್ನು ಇಡಲಾಗುತ್ತಿರಲಿಲ್ಲ. ಹೆಚ್ಚಿಟ್ಟರೆ ಮಸಿ ಹರಡಿ ಚುಕ್ಕೆಗಳು ಕೂಡಿಕೊಳ್ಳುತ್ತವೆ.

ಇಂತಹ ಕಾಗದದ ಮೇಲೆ ಒಂದು ಅಂಗುಲದ ಮುಖದಲ್ಲಿ ಕಣ್ಣೀರು ಉಳಿಯುವುದಿಲ್ಲ. ಕಣ್ಣಿನ ತೇವ, ತುಟಿಯ ನಡುಕ, ರೆಪ್ಪೆಯ ನೆರಳು ಎಲ್ಲವೂ ಮಸಿಯಲ್ಲಿ ಮುಚ್ಚಿಹೋಗುತ್ತವೆ. ಹೀಗಾಗಿ ಒಳ್ಳೆಯ ರೇಖಾಚಿತ್ರಕಾರರು ಭಾವವನ್ನು ಮುಖದಿಂದ ಮೈಗೆ ಇಳಿಸಿದರು: ಬಾಗಿದ ಬೆನ್ನು, ಮಂಡಿಯ ಮೇಲೆ ಸತ್ತಂತೆ ಬಿದ್ದ ಕೈ, ತಲೆಯ ಮೇಲಿನಿಂದ ಅರ್ಧ ಜಾರಿದ ಸೆರಗು, ಬಾಗಿಲ ಕಡೆಗೆ ತಿರುಗಿದ ಬೆನ್ನು. ತಂತ್ರದ ಬಡತನವೇ ಅವರಿಗೆ ಸಂಯಮದ ಗುರುವಾಯಿತು. ಆಫ್‌ಸೆಟ್ ಮುದ್ರಣ ಮತ್ತು ಬಹುವರ್ಣ ಅಗ್ಗವಾದ ಮೇಲೆ ಕಣ್ಣೀರಿನ ಹನಿಯನ್ನು ಹೊಳಪಿನೊಂದಿಗೆ ಅಚ್ಚು ಮಾಡುವುದು ಸಾಧ್ಯವಾಯಿತು. ಸಾಧ್ಯವಾದುದೆಲ್ಲ ಆವಶ್ಯಕವೆಂಬ ಭ್ರಮೆಯೂ ಜೊತೆಗೆ ಬಂದಿತು. ಹೊಸ ಪುಸ್ತಕಗಳ ವರ್ಣಚಿತ್ರಗಳಲ್ಲಿ ಮೈ ಭಂಗಿಯಿಲ್ಲದೆ ನೆಟ್ಟಗಿರುತ್ತದೆ. ಮುಖ ಮಾತ್ರ ಅಳುತ್ತದೆ.

ಕಿತ್ತೂರಿನಿಂದ ಬೈಲಹೊಂಗಲಕ್ಕೆ

ರಾಣಿ ಚೆನ್ನಮ್ಮನ ವಿಷಯಕ್ಕೆ ಬರೋಣ. ನಾಡಿನ ಮನಸ್ಸಿನಲ್ಲಿ ನೆಲೆಯೂರಿರುವುದು ಒಂದೇ ಬಿಂಬ: ಕುದುರೆ, ಎತ್ತಿದ ಕತ್ತಿ, ತೀಕ್ಷ್ಣ ದೃಷ್ಟಿ. 1961ರ ಬಿ. ಆರ್. ಪಂತುಲು ಅವರ ಚಲನಚಿತ್ರವೂ ಊರೂರಿನ ವೃತ್ತಗಳ ಅಶ್ವಾರೂಢ ಪ್ರತಿಮೆಗಳೂ ಆ ಬಿಂಬವನ್ನು ಗಟ್ಟಿಗೊಳಿಸಿದವು. ಪಠ್ಯಪುಸ್ತಕಗಳ, ಮಕ್ಕಳ ಪುಸ್ತಕಗಳ ಚಿತ್ರಗಳು ಅದನ್ನೇ ಅನುಸರಿಸಿದವು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಪಡೆ ಗೆದ್ದುದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದುದು ಚರಿತ್ರೆ. ಆ ದಿನಕ್ಕೆ ವೀರದ ಚಿತ್ರ ಉಚಿತವೇ ಹೌದು.

ಆದರೆ ಆ ಒಂದು ದಿನದ ಹಿಂದೆ ಮುಂದೆ ಏನಿದೆ? ಪೇಶ್ವೆಯ ಸೆರೆಯಲ್ಲಿ ನಲುಗಿ ಹಿಂದಿರುಗಿದ ಪತಿ ಮಲ್ಲಸರ್ಜ 1816ರಲ್ಲಿ ತೀರಿಕೊಂಡನು. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಮಡಿದನು. ಯುದ್ಧಕ್ಕೂ ಆ ಮರಣಕ್ಕೂ ನಡುವಣ ಅಂತರ ಸುಮಾರು ಆರು ವಾರ. ಎಂದರೆ, ಕತ್ತಿ ಹಿಡಿದ ಕೈ ಸೂತಕ ಕಳೆದು ಹೆಚ್ಚು ದಿನವಾಗದ ಕೈ. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿಯನ್ನು ಸೊಸೆಯಂದಿರೊಡನೆ ಬೈಲಹೊಂಗಲದ ಕೋಟೆಯಲ್ಲಿ ಇರಿಸಲಾಯಿತು. ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಸೆರೆಯಲ್ಲಿದ್ದು ಆಕೆ 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಆಕೆಯ ಸಮಾಧಿ ಬೈಲಹೊಂಗಲದಲ್ಲಿದೆ.

ಯುದ್ಧ ನಡೆದುದು ಕೆಲವು ದಿನ. ಸೆರೆ ನಡೆದುದು ನಾಲ್ಕು ವರ್ಷ. ಆದರೂ ಕಿತ್ತೂರಿನ ಚೆನ್ನಮ್ಮನಿಗೆ ನೂರಾರು ಚಿತ್ರಗಳು. ಬೈಲಹೊಂಗಲದ ಚೆನ್ನಮ್ಮನಿಗೆ ಸಾಮಾನ್ಯ ಓದುಗನ ನೆನಪಿನಲ್ಲಿ ಒಂದೂ ಇಲ್ಲ. ಇದು ಕೇವಲ ಚಿತ್ರಕಾರರ ಲೋಪವಲ್ಲ. ಶೋಕವೆಂದರೆ ದೌರ್ಬಲ್ಯವೆಂದೂ, ರಾಣಿಯನ್ನು ದುಃಖಿತೆಯಾಗಿ ತೋರಿಸಿದರೆ ಆಕೆಯ ಗೌರವಕ್ಕೆ ಕುಂದೆಂದೂ ನಾವು ನಂಬಿರುವುದರ ಫಲ. ಈ ನಂಬಿಕೆ ಪರೀಕ್ಷೆಗೆ ನಿಲ್ಲುವುದಿಲ್ಲ. ಕಳೆದುಕೊಂಡುದೇನೆಂದು ತಿಳಿಯದವನಿಗೆ ಹೋರಾಡಿದುದೇಕೆಂದು ತಿಳಿಯದು. ಕೋಟೆಯ ಸಣ್ಣ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ನೆಟ್ಟಗೆ ಕುಳಿತ ಹೆಂಗಸಿನ ಚಿತ್ರವೊಂದು ಪಠ್ಯದಲ್ಲಿದ್ದರೆ, ಒಂದು ಹನಿ ಕಣ್ಣೀರಿಲ್ಲದೆಯೂ ಮಗು ಆ ನಾಲ್ಕು ವರ್ಷಗಳನ್ನು ಅರಿತುಕೊಳ್ಳುತ್ತದೆ.

ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣನ ವಿಷಯವೂ ಇಂಥದೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಪುಸ್ತಕಗಳು ಕತ್ತಿಯನ್ನು ತೋರಿಸುತ್ತವೆ, ಇಲ್ಲವೇ ಕುಣಿಕೆಯನ್ನು ತೋರಿಸುತ್ತವೆ. ಅವನ ಊರಿಗೆ ಸುದ್ದಿ ಮುಟ್ಟಿದ ಸಂಜೆಯನ್ನು ಯಾರೂ ಬರೆಯುವುದಿಲ್ಲ. ಶೋಕವು ಸಾಯುವವನಲ್ಲಿ ಇರುವುದಿಲ್ಲ, ಉಳಿದವರಲ್ಲಿರುತ್ತದೆ ಎಂಬ ಸರಳ ಸತ್ಯವನ್ನು ಇಂತಹ ಚಿತ್ರಗಳು ಮರೆತಿವೆ.

ಕೊಲೆಯ ಚಿತ್ರ, ದ್ರೋಹದ ಚಿತ್ರ

ಬೈಲಹೊಂಗಲವು ಸಂಗ್ಯಾ-ಬಾಳ್ಯಾರ ಕಥೆಯ ಊರೂ ಹೌದು. ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ದಂಗೆಯೂ ಸಂಗ್ಯಾನ ಕೊಲೆಯೂ ವಸ್ತುವಾಗಿವೆ. ಪತ್ತಾರ ಮಾಸ್ತರರ ಸಣ್ಣಾಟದ ಮೂಲಕ ಎರಡನೆಯ ಕಥೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೆ ಹೋಯಿತು. ಚಂದ್ರಶೇಖರ ಕಂಬಾರರ ಸಂಪಾದನೆಯಿಂದ ವಿದ್ವತ್ಲೋಕಕ್ಕೂ ಬಂದಿತು. ಹೆಂಡತಿ ಗಂಗಿಯನ್ನು ಮನೆಯಲ್ಲಿ ಬಿಟ್ಟು ವ್ಯಾಪಾರಕ್ಕೆ ಹೋಗುವ ಈರ್ಯಾ, ಅವಳಿಗೆ ಮನಸೋಲುವ ಸಂಗ್ಯಾ, ನಡುವೆ ನಿಂತು ಕೊನೆಗೆ ದ್ರೋಹ ಬಗೆಯುವ ಗೆಳೆಯ ಬಾಳ್ಯಾ: ಈ ನಾಲ್ವರಲ್ಲಿ ಒಬ್ಬರೂ ದುಃಖದಿಂದ ಪಾರಾಗುವುದಿಲ್ಲ.

ಮುಖಪುಟದ ಚಿತ್ರ ಸಹಜವಾಗಿ ಕೊಲೆಯನ್ನೇ ಬಯಸುತ್ತದೆ. ಕೊಡಲಿ ಎತ್ತಿದ ಕೈ ಅಂಗಡಿಯಲ್ಲಿ ದೂರದಿಂದ ಕಾಣುತ್ತದೆ. ಆದರೆ ಈ ಕಥೆಯಲ್ಲಿ ಪೂಜ್ಯಪಾದರು ಹೇಳುವ ತಾಪದ ನಿಜವಾದ ಪಾತ್ರ ಬಾಳ್ಯಾ. ಹೊರಗಿನಿಂದ ಯಾರೂ ಅವನನ್ನು ಹೊಡೆದಿಲ್ಲ. ಒಳಗಿನಿಂದ ಅವನು ಉರಿಯುತ್ತಾನೆ. ಗೆಳೆಯನ ಪಕ್ಕದಲ್ಲಿ ನಡೆಯುತ್ತ, ಗೆಳೆಯನ ಕಣ್ಣನ್ನು ನೋಡಲಾರದ ಬಾಳ್ಯಾನನ್ನು ಬರೆಯಬಲ್ಲ ಚಿತ್ರಕಾರನಿಗೆ ಕೊಡಲಿಯ ಆವಶ್ಯಕತೆ ಇಲ್ಲ. ಗಂಗಿಯ ಪಾಡು ಇನ್ನೂ ಕಠಿಣವಾದುದು. ಅವಳು ಬಹಿರಂಗವಾಗಿ ಅಳುವಂತಿಲ್ಲ. ಅವಳ ಶೋಕಕ್ಕೆ ಸಮಾಜದ ಒಪ್ಪಿಗೆಯಿಲ್ಲ. ಅಳಲು ಹಕ್ಕಿಲ್ಲದವಳ ಮುಖದಲ್ಲಿ ಕಣ್ಣೀರನ್ನು ಬರೆದ ಚಿತ್ರ ಕಥೆಯನ್ನೇ ತಪ್ಪಾಗಿ ಓದಿದಂತೆ.

ಸವದತ್ತಿಯ ಎರಡು ಪರಂಪರೆಗಳು

ಸವದತ್ತಿಯ ಎಲ್ಲಮ್ಮನಗುಡ್ಡದಲ್ಲಿ ಶೋಕ ವರ್ಷಕ್ಕೊಮ್ಮೆ ಆಚರಣೆಯಾಗಿ ಮರಳುತ್ತದೆ. ಜಮದಗ್ನಿಯ ವಧೆಯಿಂದ ರೇಣುಕೆ ವಿಧವೆಯಾದುದನ್ನು ನೆನೆದು ಹೊಸ್ತಿಲ ಹುಣ್ಣಿಮೆಯಂದು ಬಳೆ ಒಡೆಯುವ ವಿಧಿಯಿದೆ. ಭಾರತ ಹುಣ್ಣಿಮೆಗೆ ಅವಳು ಮತ್ತೆ ಮುತ್ತೈದೆ. ಮುದ್ರಿತ ಪುರಾಣಗಳ ಚಿತ್ರಕಾರರು ಹೆಚ್ಚಾಗಿ ಆರಿಸಿಕೊಳ್ಳುವುದು ಪರಶುರಾಮ ಕೊಡಲಿ ಎತ್ತಿದ ಕ್ಷಣವನ್ನು. ಜನಪದರ ಆಚರಣೆಯೋ ಒಡೆದ ಬಳೆಯ ಚೂರುಗಳನ್ನು ಆರಿಸಿಕೊಂಡಿದೆ. ಇವೆರಡರಲ್ಲಿ ಚಿತ್ರಭಾಷೆಯ ದೃಷ್ಟಿಯಿಂದ ಪ್ರೌಢವಾದುದು ಎರಡನೆಯದೇ. ನೆಲದ ಮೇಲಿನ ಹಸಿರು ಚೂರುಗಳಲ್ಲಿ ಮುಖವಿಲ್ಲ, ಕಣ್ಣೀರಿಲ್ಲ. ಆದರೂ ಅದನ್ನು ನೋಡಿದ ಯಾವ ಹೆಂಗಸೂ ಅರ್ಥವನ್ನು ಕೇಳಬೇಕಾಗಿಲ್ಲ.

ಅದೇ ಸವದತ್ತಿ ಶಾಸನಗಳ ಸುಗಂಧವರ್ತಿ. ಜೈನಧರ್ಮಕ್ಕೆ ಆಶ್ರಯವಿತ್ತ ರಟ್ಟರ ರಾಜಧಾನಿ. ಪಾರ್ಶ್ವನಾಥಪುರಾಣವನ್ನು ಬರೆದ ಪಾರ್ಶ್ವಪಂಡಿತನು ರಟ್ಟ ಕಾರ್ತವೀರ್ಯನ ಆಸ್ಥಾನದ ಕವಿ. ಆ ಪುರಾಣವಸ್ತುವಿನ ಆರಂಭದಲ್ಲಿಯೇ ಅಣ್ಣ ಕಮಠ ಮತ್ತು ತಮ್ಮ ಮರುಭೂತಿಯ ಪ್ರಸಂಗವಿದೆ. ತಪ್ಪು ಮಾಡಿದವನು ಅಣ್ಣ. ಆದರೂ ಅಣ್ಣನನ್ನು ಅಗಲಿದ ದುಃಖವನ್ನು ತಾಳಲಾರದೆ ಕ್ಷಮೆ ಬೇಡಲು ಹೋಗುವವನು ತಮ್ಮ. ಪಾದಕ್ಕೆರಗಿದ ಅವನ ತಲೆಯ ಮೇಲೆ ಕಮಠನು ತಾನು ಎತ್ತಿ ಹಿಡಿದಿದ್ದ ಬಂಡೆಯನ್ನು ಹಾಕುತ್ತಾನೆ. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಪಾರ್ಶ್ವನಾಥರ ಚರಿತದ ಪ್ರಸಂಗಗಳಿವೆ. ಹಲವು ಭವಗಳ ಕಥೆಯನ್ನು ಅಡ್ಡಪಟ್ಟಿಗಳಲ್ಲಿ ಕ್ರಮವಾಗಿ ನೋಡುತ್ತ ಹೋಗಬಹುದು. ಮುದ್ರಿತ ಪುಸ್ತಕಕ್ಕೆ ಆ ಅನುಕೂಲವಿಲ್ಲ. ಅದು ಒಂದೇ ಕ್ಷಣವನ್ನು ಆರಿಸಬೇಕು. ಬಂಡೆ ಬಿದ್ದ ಕ್ಷಣವನ್ನು ಆರಿಸಿದರೆ ಕ್ರೌರ್ಯ ಕಾಣುತ್ತದೆ. ಬಂಡೆ ಇನ್ನೂ ಕೈಯಲ್ಲಿರುವಾಗ ತಮ್ಮನ ತಲೆ ಬಾಗಿದ ಕ್ಷಣವನ್ನು ಆರಿಸಿದರೆ ಸೋದರಪ್ರೇಮ, ಶೋಕ, ಮುಂದಿನ ಭವಗಳ ವೈರ ಎಲ್ಲವೂ ಒಟ್ಟಿಗೆ ಕಾಣುತ್ತವೆ.

ರಾಮದುರ್ಗದ ದಾರಿಯಲ್ಲಿ

ರಾಮದುರ್ಗ ತಾಲೂಕಿನ ಸುರೇಬಾನದ ಬಳಿಯ ಶಬರಿಕೊಳ್ಳವನ್ನು ಜನ ಶಬರಿಯ ಆಶ್ರಮವೆಂದು ನಂಬುತ್ತಾರೆ. ಶಬರಿಯ ಚಿತ್ರವೆಂದರೆ ಹಣ್ಣು ನೀಡುವ ಮುದುಕಿ, ಮುಗುಳ್ನಗುವ ರಾಮ. ಆ ರಾಮ ಸೀತೆಯನ್ನು ಕಳೆದುಕೊಂಡು ಹುಡುಕುತ್ತ ಬಂದವನೆಂಬುದು ಚಿತ್ರದಲ್ಲಿ ಕಾಣುವುದೇ ಇಲ್ಲ. ಒಬ್ಬರ ನಿರೀಕ್ಷೆ ಮುಗಿದ ಗಳಿಗೆ, ಇನ್ನೊಬ್ಬರ ವಿರಹ ಮುಗಿಯದ ಗಳಿಗೆ. ಇವೆರಡೂ ಅಲ್ಲಿ ಎದುರುಬದುರಾಗುತ್ತವೆ. ಭಕ್ತಿಯ ಚಿತ್ರಗಳು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟುಬಿಟ್ಟಿವೆ.

ಅಲ್ಲಿಂದ ಬಹಳ ದೂರವಲ್ಲದ ಮುಧೋಳ ರನ್ನನ ಊರು. ಗದಾಯುದ್ಧದಲ್ಲಿ ದುರ್ಯೋಧನನು ರಣಭೂಮಿಯಲ್ಲಿ ನಡೆಯುತ್ತ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ನಿಂತು ಹಲುಬುವ ಭಾಗ ಕನ್ನಡದ ಪರಿದೇವನಗಳಲ್ಲಿ ಶ್ರೇಷ್ಠವಾದುದು. ಅಲ್ಲಿ ಮಾತೇ ಶೋಕವನ್ನು ಹೊತ್ತಿರುವುದರಿಂದ ಚಿತ್ರ ಮತ್ತೆ ಅಳಬೇಕಾಗಿಲ್ಲ. ಹೆಣಗಳ ವಿಸ್ತಾರದಲ್ಲಿ ಸಣ್ಣದಾಗಿ ಕಾಣುವ ಒಬ್ಬ ನಡೆಯುವ ಮನುಷ್ಯ ಸಾಕು. ಪದ್ಯ ಹತ್ತಿರದಿಂದ ಹೇಳುತ್ತಿರುವಾಗ ಚಿತ್ರ ದೂರ ನಿಲ್ಲಬೇಕು. ಪದ್ಯ ಮೌನವಾದಾಗ ಚಿತ್ರ ಹತ್ತಿರ ಬರಬಹುದು. ಟೀಕಾಕಾರನೂ ಕವಿ ಹೇಳಿದುದನ್ನೇ ಮತ್ತೆ ಹೇಳಿದರೆ ನಾವು ಮೆಚ್ಚುವುದಿಲ್ಲವಲ್ಲ.

ಹೊರನಾಡಿನ ಎರಡು ನಿದರ್ಶನಗಳು

ಜರ್ಮನಿಯ ಕೇತೆ ಕೋಲ್ವಿಟ್ಸ್ ತನ್ನ ಮಗ ಪೀಟರನನ್ನು 1914ರ ಯುದ್ಧದಲ್ಲಿ ಕಳೆದುಕೊಂಡ ಕಲಾವಿದೆ. ಸುಮಾರು ಎಂಟು ವರ್ಷಗಳ ಅನಂತರ ಆಕೆ ಯುದ್ಧವನ್ನು ಕುರಿತು ಕೆತ್ತಿದ ಮರದಚ್ಚಿನ ಮಾಲಿಕೆಯಲ್ಲಿ ತಂದೆತಾಯಿಗಳ ಚಿತ್ರವೊಂದಿದೆ. ಇಬ್ಬರೂ ಮಂಡಿಯೂರಿ ಒಬ್ಬರ ಮೇಲೊಬ್ಬರು ಕುಸಿದು ಒಂದೇ ಕಪ್ಪು ಮುದ್ದೆಯಾಗಿದ್ದಾರೆ, ಮುಖಗಳು ಕಾಣುವುದಿಲ್ಲ. 1943ರ ಬಂಗಾಳದ ಕ್ಷಾಮವನ್ನು ಚಿತ್ತಪ್ರಸಾದ ಭಟ್ಟಾಚಾರ್ಯರು ಮಿಡ್ನಾಪುರದ ಹಳ್ಳಿಗಳಲ್ಲಿ ನಡೆದು ಕರಿಮಸಿಯ ರೇಖೆಗಳಲ್ಲಿ ದಾಖಲಿಸಿ ಪುಸ್ತಕ ಮಾಡಿದರು. ಬ್ರಿಟಿಷ್ ಸರ್ಕಾರ ಅದರ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟಿತು. ಶೋಕವನ್ನು ಸರಿಯಾಗಿ ಬರೆದ ಚಿತ್ರ ನಿರುಪದ್ರವಿ ಅಲಂಕಾರವಲ್ಲವೆಂಬುದಕ್ಕೆ ಆ ಸರ್ಕಾರದ ಭಯಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಇಬ್ಬರೂ ಕಪ್ಪು-ಬಿಳುಪಿನ ಬಡತನವನ್ನೇ ಬಲವಾಗಿಸಿಕೊಂಡವರು.

ಒಂದು ಆಕ್ಷೇಪ

ಜೈನದೃಷ್ಟಿಯಿಂದಲೇ ಒಂದು ಆಕ್ಷೇಪವನ್ನು ಎತ್ತಬಹುದು. ಶೋಕ ನೋಕಷಾಯಗಳಲ್ಲಿ ಒಂದು. ಇಷ್ಟವಿಯೋಗದ ಚಿಂತನೆ ಆರ್ತಧ್ಯಾನ. ತನ್ನಲ್ಲಿಯೂ ಪರರಲ್ಲಿಯೂ ಶೋಕವನ್ನು ಹುಟ್ಟಿಸುವುದು ಕರ್ಮಬಂಧಕ್ಕೆ ಕಾರಣ. ಹಾಗಿರುವಾಗ ಶೋಕದ ಚಿತ್ರವನ್ನು ಬೇಡುವುದು ಸರಿಯೇ? ನಿಷಿಧಿಗಲ್ಲುಗಳನ್ನು ನೋಡಿದರೆ ಆಕ್ಷೇಪಕ್ಕೆ ಬಲ ಬಂದಂತೆ ತೋರುತ್ತದೆ. ಸಲ್ಲೇಖನದಿಂದ ಮುಡಿಪಿದವರು ಅಲ್ಲಿ ಗುರುವಿನ ಮುಂದೆ ಶಾಂತವಾಗಿ ಕುಳಿತಿರುತ್ತಾರೆ. ಬಂಧುಗಳ ರೋದನಕ್ಕೆ ಅಲ್ಲಿ ಎಡೆಯಿಲ್ಲ.

ಇದಕ್ಕೆ ಉತ್ತರ ಪುರಾಣಗಳಲ್ಲಿಯೇ ಇದೆ. ನಮ್ಮ ಆಚಾರ್ಯರು ಶೋಕವನ್ನು ಮರೆಮಾಡಲಿಲ್ಲ, ಅದನ್ನು ದಾಟಿಸಿದರು. ನೃತ್ಯದ ನಡುವೆ ನೀಲಾಂಜನೆ ಮರೆಯಾದಾಗ ಇಂದ್ರನು ತಕ್ಷಣ ಅಂಥದೇ ಇನ್ನೊಂದು ರೂಪವನ್ನು ನಿಲ್ಲಿಸಿದನು, ಸಭೆಗೆ ರಸಭಂಗವಾಗಲಿಲ್ಲ. ವೃಷಭದೇವನೊಬ್ಬನು ಆ ಅಭಾವವನ್ನು ಕಂಡನು, ವಿರಕ್ತನಾದನು. ಹೋದವರನ್ನು ಹೋದರೆಂದು ಕಾಣುವ ಕಣ್ಣೇ ನಿರ್ವೇದದ ಮೊದಲ ಮೆಟ್ಟಿಲು. ಅಳುವಿನ ಆಡಂಬರವನ್ನು ಬರೆದ ಚಿತ್ರ ನಿಜವಾಗಿ ಇಂದ್ರನ ಎರಡನೆಯ ನರ್ತಕಿಯಂತೆ. ಅದು ಅಭಾವವನ್ನು ಮುಚ್ಚುತ್ತದೆ. ಸಂಯಮದ ಚಿತ್ರ ಅಭಾವವನ್ನು ತೋರಿಸಿ ಸುಮ್ಮನಾಗುತ್ತದೆ. ಶಾಸ್ತ್ರ ಬೇಡವೆನ್ನುವುದು ಮೊದಲನೆಯದನ್ನು.

ಮಾಡಬೇಕಾದುದು

ಈ ವಿಚಾರ ರುಚಿಯ ಮಾತಾಗಿಯೇ ಉಳಿಯಬಾರದು. ಉತ್ತರ ಕರ್ನಾಟಕದ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಸಂಶೋಧನೆ ನಡೆಸುವವರು ಕಿತ್ತೂರು ಸೀಮೆಯ ಕಥನಗಳಿಗೆ ಬಂದ ಮುದ್ರಿತ ಚಿತ್ರಗಳನ್ನು ಸಂಗ್ರಹಿಸಿ, ಕಾಲ, ಮುದ್ರಣವಿಧಾನ, ಆರಿಸಿಕೊಂಡ ಪ್ರಸಂಗ ಇವುಗಳನ್ನು ಗುರುತಿಸಿ ಸೂಚಿಯೊಂದನ್ನು ಸಿದ್ಧಪಡಿಸಬೇಕು. ಬ್ಲಾಕುಗಳು ಗುಜರಿಗೆ ಹೋಗುತ್ತಿವೆ, ಹಾಡಿನ ಹೊತ್ತಿಗೆಗಳು ರದ್ದಿಯಾಗುತ್ತಿವೆ. ತಡಮಾಡಿದರೆ ಸಂಗ್ರಹಿಸಲು ಏನೂ ಉಳಿಯದು. ಮರುಮುದ್ರಣ ಮಾಡುವ ಪ್ರಕಾಶಕರು ಹಳೆಯ ರೇಖಾಚಿತ್ರಗಳನ್ನು ತೆಗೆದು ಹೊಸ ವರ್ಣಚಿತ್ರ ಹಾಕುವ ಮೊದಲು, ಒಂದು ಪಾಠಾಂತರವನ್ನು ಕೈಬಿಡುವಾಗ ಸಂಪಾದಕ ಯೋಚಿಸುವಷ್ಟಾದರೂ ಯೋಚಿಸಬೇಕು. ಚಿತ್ರಕಾರನ ಹೆಸರನ್ನು ಲೇಖಕನ 'ಅರಿಕೆ'ಯಲ್ಲಿ ಒಂದು ಕೃತಜ್ಞತೆಯ ಸಾಲಿಗೆ ಇಳಿಸದೆ ಶೀರ್ಷಿಕೆಪುಟದಲ್ಲಿ ಅಚ್ಚಿಸಬೇಕು.

ಪಠ್ಯಪುಸ್ತಕ ರಚಿಸುವವರಿಗೆ ಬೇಡಿಕೆ ಒಂದೇ. ಕುದುರೆಯ ಮೇಲಿನ ಚೆನ್ನಮ್ಮ ಹಾಗೆಯೇ ಇರಲಿ. ಅದರ ಪಕ್ಕದ ಪುಟದಲ್ಲಿ ಬೈಲಹೊಂಗಲದ ಕೋಟೆಯೊಳಗಿನ ಚೆನ್ನಮ್ಮನಿಗೂ ಒಂದು ಸಣ್ಣ ರೇಖಾಚಿತ್ರದಷ್ಟು ಸ್ಥಳ ಕೊಡಿರಿ.